ಮ್ಯಾಡಿಸನ್ ತನಗೆ ಹಾಕಿಕೊಳ್ಳದ ಕಡಿವಾಣ

'ಮನುಷ್ಯರೆಲ್ಲ ದೇವತೆಗಳಾಗಿದ್ದರೆ ಸರ್ಕಾರವೇ ಬೇಕಾಗುತ್ತಿರಲಿಲ್ಲ.' ಎಲ್ಲಾದರೂ ಒಂದು ಹಗರಣ ಹೊರಬಿದ್ದರೆ ಸಾಕು, ಈ ಮಾತು ಯಾರದಾದರೂ ಫೇಸ್‌ಬುಕ್ ಗೋಡೆ ಮೇಲೆ ಬಂದುಬಿಡುತ್ತದೆ. ಬರೆದವನು ಜೇಮ್ಸ್ ಮ್ಯಾಡಿಸನ್. ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಮುಖ್ಯ ತಲೆ, ಮುಂದೆ ಆ ದೇಶದ ನಾಲ್ಕನೇ ಅಧ್ಯಕ್ಷ. ಹಂಚಿಕೊಳ್ಳುವವರ ಭಾವ ಹೆಚ್ಚುಕಮ್ಮಿ ಒಂದೇ: ಜನ ಇರೋದೇ ಹೀಗೆ ಬಿಡ್ರಿ, ಕಾನೂನು ಬಿಗಿಯಾಗಿದ್ದರೆ ಸಾಕು.

ನನ್ನ ತಕರಾರು ಇಲ್ಲೇ. ಮ್ಯಾಡಿಸನ್ ಅಷ್ಟಕ್ಕೇ ನಿಂತವನಲ್ಲ.

1777ರ ಕತೆ ಕೇಳಿ. ಅವನ ತವರು ರಾಜ್ಯ ವರ್ಜೀನಿಯಾದಲ್ಲಿ ಶಾಸನಸಭೆಗೆ ಚುನಾವಣೆ. ಮತ ಹಾಕಲು ಬಂದವರಿಗೆ ಅಭ್ಯರ್ಥಿ ರಮ್ ಕುಡಿಸುವುದು ಅಲ್ಲಿನ ವಾಡಿಕೆ. ಕುಡಿಸದಿದ್ದರೆ ಜಿಪುಣ, ಇಲ್ಲವೇ ಸೊಕ್ಕಿನವನು ಎಂದು ಲೆಕ್ಕ. ಮ್ಯಾಡಿಸನ್‌ಗೆ ಆಗ 26 ವರ್ಷ. ಗಣರಾಜ್ಯ ಕಟ್ಟಲು ಹೊರಟವರು ಹೀಗೆ ಮತ ಕೇಳಬಾರದು ಎಂದು ಹಟ ಹಿಡಿದ. ಒಂದು ತೊಟ್ಟೂ ಕೊಡಲಿಲ್ಲ. ಸೋತ. (ನಮ್ಮಲ್ಲಿ ಮತದಾನ ಮುಗಿಯುವ 48 ಗಂಟೆ ಮುಂಚೆಯೇ ಮದ್ಯದಂಗಡಿ ಮುಚ್ಚಿಸುತ್ತಾರೆ. ಬಾಟಲಿ ಅದಕ್ಕೂ ಮುಂಚೆಯೇ ಮನೆ ಸೇರಿರುತ್ತದೆ, ಆ ಮಾತು ಬೇರೆ.)

ಹತ್ತು ವರ್ಷದ ನಂತರ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕುಳಿತಾಗ ಈ ಸೋಲು ಅವನಿಗೆ ನೆನಪಿತ್ತೋ ಏನೋ. ಅಲ್ಲಿ ಮೂಡಿದ ಏರ್ಪಾಡಿನಲ್ಲಿ ಯಾರನ್ನೂ ಪೂರ್ತಿ ನಂಬಿಲ್ಲ. ಕೆಳಮನೆಗೆ ಎರಡು ವರ್ಷ, ಅಧ್ಯಕ್ಷನಿಗೆ ನಾಲ್ಕು, ಮೇಲ್ಮನೆಯ ಸೆನೆಟರ್‌ಗೆ ಆರು. ಸಂಸತ್ತು ಮಾಡಿದ ಮಸೂದೆಯನ್ನು ಅಧ್ಯಕ್ಷ ತಿರಸ್ಕರಿಸಬಹುದು. ಮೂರನೇ ಎರಡರಷ್ಟು ಮತ ಕೂಡಿಸಿ ಸಂಸತ್ತು ಅದನ್ನೂ ಮೀರಬಹುದು. ಒಬ್ಬನ ಅಧಿಕಾರದ ಆಸೆಗೆ ಇನ್ನೊಬ್ಬನ ಆಸೆಯೇ ಅಡ್ಡ ನಿಲ್ಲಬೇಕು ಎನ್ನುವುದು ಅವನ ಲೆಕ್ಕಾಚಾರ.

ಆದರೆ 1788ರ ಜೂನ್‌ನಲ್ಲಿ, ಈ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ವರ್ಜೀನಿಯಾದ ಪ್ರತಿನಿಧಿಗಳು ಜಗಳವಾಡುತ್ತಿದ್ದಾಗ, ಇವನೇ ಎದ್ದು ಕೇಳಿದ: ನಮ್ಮ ಜನರಲ್ಲಿ ಒಳ್ಳೆಯತನವೇ ಇಲ್ಲವೇ? ಇಲ್ಲ ಅಂತಾದರೆ ನಮ್ಮ ಗತಿ ಮುಗಿಯಿತು, ಯಾವ ಸರ್ಕಾರವೂ ನಮ್ಮನ್ನು ಕಾಯಲಾರದು. ದೇವತೆಗಳ ಸಾಲು ಬರೆದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಈ ಮಾತನ್ನು ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ. ಆಳುವವರನ್ನು ಬೈಯುವ ಸುಖ ಇದರಲ್ಲಿಲ್ಲ ಅಲ್ವಾ? ಇದು ಆರಿಸುವವರ ಕಡೆ ಬೆರಳು ತೋರಿಸುತ್ತದೆ.

ಧರ್ಮದ ವಿಚಾರದಲ್ಲಿ ಮ್ಯಾಡಿಸನ್ ಬಗ್ಗೆ ನನಗೆ ಅಪಾರ ಗೌರವ. 1774ರಲ್ಲೇ, ಪಕ್ಕದ ಕೌಂಟಿಯಲ್ಲಿ ತಮ್ಮ ನಂಬಿಕೆ ಸಾರಿದ ತಪ್ಪಿಗೆ ಐದಾರು ಜನ ಜೈಲಿನಲ್ಲಿದ್ದಾರೆ ಎಂದು ಕುದಿಯುತ್ತಾ ಗೆಳೆಯನಿಗೆ ಕಾಗದ ಬರೆದಿದ್ದ. 1785ರಲ್ಲಿ ಕ್ರೈಸ್ತ ಬೋಧಕರ ಸಂಬಳಕ್ಕೆ ಜನರ ಮೇಲೆ ತೆರಿಗೆ ಹಾಕುವ ಮಸೂದೆಯ ವಿರುದ್ಧ ಮನವಿ ಬರೆದ. ಮಸೂದೆ ಅಲ್ಲೇ ಬಿದ್ದುಹೋಯಿತು.

ಇಷ್ಟಾದರೂ ಅವನನ್ನು ತಲೆ ಮೇಲೆ ಹೊತ್ತು ಮೆರೆಸಲು ನನ್ನಿಂದಾಗದು. ಕಾರಣ, ಬಿಲ್ಲಿ.

ಬಿಲ್ಲಿ ಮ್ಯಾಡಿಸನ್ ಮನೆಯ ಗುಲಾಮ. ಒಡೆಯನ ಜೊತೆ ಫಿಲಡೆಲ್ಫಿಯಾಗೆ ಬಂದಿದ್ದ. ಅಲ್ಲಿ ಕಪ್ಪು ಜನ ಸ್ವತಂತ್ರವಾಗಿ ಓಡಾಡುವುದನ್ನು ಕಣ್ಣಾರೆ ಕಂಡ. 1783ರಲ್ಲಿ ಮ್ಯಾಡಿಸನ್ ಊರಿಗೆ ಹೊರಡುವಾಗ ಅಪ್ಪನಿಗೆ ಒಂದು ಕಾಗದ ಬರೆದ. ಬಿಲ್ಲಿಯ ಮನಸ್ಸು ಕೆಟ್ಟಿದೆ, ಅವನನ್ನು ಕರೆತಂದು ಇತರ ಗುಲಾಮರ ನಡುವೆ ಬಿಡುವಂತಿಲ್ಲ, ಇಲ್ಲೇ ಮಾರುತ್ತೇನೆ, ಪೂರ್ತಿ ಬೆಲೆ ಸಿಗುವುದಿಲ್ಲ ಎಂದ. ಮುಂದಿನ ಮಾತು ನೋಡಿ: ನಾವು ಇಷ್ಟೊಂದು ರಕ್ತ ಸುರಿಸಿ ಪಡೆದ ಸ್ವಾತಂತ್ರ್ಯವನ್ನೇ ಅವನೂ ಬಯಸಿದ, ಅಷ್ಟಕ್ಕೇ ಅವನನ್ನು ಶಿಕ್ಷಿಸುವುದು ಹೇಗೆ?

ಅಂದರೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮಾರಿದ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನಿನಿಂದಾಗಿ ಆ ಮಾರಾಟ ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಆಯಿತು, ಆಮೇಲೆ ಬಿಲ್ಲಿ ಸ್ವತಂತ್ರನಾದ. ಅದು ಬಿಲ್ಲಿಯ ಪುಣ್ಯ.

ವರ್ಜೀನಿಯಾದಲ್ಲಿದ್ದ ಮ್ಯಾಡಿಸನ್‌ನ ಮಾಂಟ್‌ಪೆಲಿಯರ್ ತೋಟದಲ್ಲಿ ಸುಮಾರು ನೂರು ಜನ ಗುಲಾಮರಿದ್ದರು. ಅವರ ಕೆಲಸ, ಊಟ, ಶಿಕ್ಷೆ, ಮಾರಾಟ ಎಲ್ಲವೂ ಒಬ್ಬನ ಕೈಯಲ್ಲಿ. ಒಬ್ಬನ ಕೈಯಲ್ಲೇ ಎಲ್ಲ ಅಧಿಕಾರ ಸೇರಿದರೆ ಅದೇ ದಬ್ಬಾಳಿಕೆ ಎಂದು ಬರೆದವನೂ ಅವನೇ. ಆ ತೋಟಕ್ಕೆ ಮೇಲ್ಮನೆ ಇರಲಿಲ್ಲ, ಕೆಳಮನೆ ಇರಲಿಲ್ಲ. ಅವನ ಆಸೆಗೆ ಅಡ್ಡ ನಿಲ್ಲುವ ಇನ್ನೊಂದು ಆಸೆಯೂ ಇರಲಿಲ್ಲ.

'ಆಗಿನ ಕಾಲವೇ ಹಾಗಿತ್ತು' ಎನ್ನುವವರಿಗೆ ಎಡ್ವರ್ಡ್ ಕೋಲ್ಸ್ ಹೆಸರು ಹೇಳುತ್ತೇನೆ. ಅದೇ ವರ್ಜೀನಿಯಾದವನು, ಮ್ಯಾಡಿಸನ್ ಅಧ್ಯಕ್ಷನಾಗಿದ್ದಾಗ ಅವನ ಖಾಸಗಿ ಕಾರ್ಯದರ್ಶಿ. 1819ರಲ್ಲಿ ತನ್ನ ಗುಲಾಮರನ್ನು ಕರೆದುಕೊಂಡು ಇಲಿನಾಯ್‌ಗೆ ಹೊರಟ. ದಾರಿಯಲ್ಲಿ, ಓಹಾಯೋ ನದಿಯ ದೋಣಿಯಲ್ಲೇ, ನೀವೆಲ್ಲ ಇನ್ನು ಸ್ವತಂತ್ರರು ಎಂದ. ಕುಟುಂಬಗಳಿಗೆ ತಲಾ 160 ಎಕರೆ ಜಮೀನನ್ನೂ ಕೊಟ್ಟ. ಸಾಯುವ ಮುಂಚೆ ಉಯಿಲಿನಲ್ಲಾದರೂ ನಿಮ್ಮವರನ್ನು ಬಿಡುಗಡೆ ಮಾಡಿ ಎಂದು ಮ್ಯಾಡಿಸನ್ ಬೆನ್ನು ಹತ್ತಿದ.

1836ರಲ್ಲಿ ಮ್ಯಾಡಿಸನ್ ತೀರಿಕೊಂಡಾಗ ಉಯಿಲಿನಲ್ಲಿ ಬಿಡುಗಡೆಯ ಮಾತಿರಲಿಲ್ಲ. ಗುಲಾಮರು ಹೆಂಡತಿ ಡಾಲಿಯ ಪಾಲಾದರು. ಒಪ್ಪಿಗೆಯಿಲ್ಲದೆ ಯಾರನ್ನೂ ಮಾರಬಾರದು ಎಂದು ಮಾತ್ರ ಬರೆದಿದ್ದ. ಡಾಲಿ ಸಾಲದಲ್ಲಿ ಮುಳುಗಿದಳು. 1844ರಲ್ಲಿ ತೋಟದಿಂದ ಸಾರಾ ಎಂಬ ಗುಲಾಮ ಹೆಂಗಸು ಅವಳಿಗೆ ಕಾಗದ ಬರೆದಳು: ಶೆರಿಫ್ ನಮ್ಮನ್ನೆಲ್ಲ ಹಿಡಿದಿಟ್ಟಿದ್ದಾನೆ, ಮಾರುತ್ತಾನಂತೆ, ಗಂಡ ಹೆಂಡತಿಯರು ಬೇರೆಯಾಗುತ್ತೇವೆಂಬ ಭಯ, ಏನಾದರೂ ಮಾಡಿ.

ಒಪ್ಪಿಗೆ ಕೇಳಬೇಕು ಎಂದು ಬರೆದಿಟ್ಟ ಮನುಷ್ಯ, ಕೇಳದಿದ್ದರೆ ಅವರು ಯಾರ ಬಾಗಿಲು ತಟ್ಟಬೇಕು ಎಂದು ಬರೆಯಲಿಲ್ಲ. ಹೊಳೆದಿರಲಿಕ್ಕಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. 1788ರಲ್ಲಿ ಗೆಳೆಯ ಜೆಫರ್ಸನ್‌ಗೆ ಬರೆದ ಕಾಗದದಲ್ಲಿ, ಬರೀ ಬರೆದಿಟ್ಟ ಹಕ್ಕುಗಳು ಚರ್ಮಪತ್ರದ ಬೇಲಿ, ಬಹುಮತದ ಬಲವಿದ್ದವರು ಅವನ್ನು ಎಲ್ಲ ರಾಜ್ಯಗಳಲ್ಲೂ ಮುರಿದಿದ್ದಾರೆ ಎಂದು ಎಚ್ಚರಿಸಿದವನು ಮ್ಯಾಡಿಸನ್ನೇ.