ನುಗ್ಗೆಕಾಯಿಯ ಆಕ್ಸಲ್

ದೈತ್ಯ ಎಂಜಿನ್ನಿನ ಹಳೆಯ ಅಮೆರಿಕನ್ ಕಾರಿಗೆ, ಎಂದರೆ ಮಸಲ್ ಕಾರಿಗೆ, ಗಾಲಿಗಳನ್ನು ಕಾರಿನ ಮೈಗೆ ಜೋಡಿಸುವ ಹಿಂಬದಿಯ ಸಸ್ಪೆನ್ಷನ್ ಯಾವುದನ್ನು ಹಾಕಿಸುವುದು ಒಳ್ಳೆಯದು ಎಂದು ಅಮೆರಿಕದಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುವುದಿಲ್ಲ, ಬದಲಿಗೆ, "ಈ ಕಾರಿನ ವಿಷಯದಲ್ಲಿ ನಿಮ್ಮ ಗುರಿ ಏನು?" ಎಂಬ ಮರುಪ್ರಶ್ನೆ ಬರುತ್ತದೆ. ನಿನ್ನೆ ಬಿಡಿಭಾಗ ಮಾರುವ ಅಂಗಡಿಯೊಂದಕ್ಕೆ ಫೋನ್ ಮಾಡಿ ಬೆಲೆ ಕೇಳಿದೆ. ಆ ತುದಿಯಲ್ಲಿದ್ದ ಹುಡುಗ, ಧ್ವನಿಯಿಂದ ಅಳೆಯುವುದಾದರೆ ನನ್ನ ಕಾರಿಗಿಂತ ಎಷ್ಟೋ ವರ್ಷ ಚಿಕ್ಕವನು, ವೇದಾಂತಿಯ ಗಾಂಭೀರ್ಯದಿಂದ ನನ್ನ ಗುರಿಯನ್ನು ವಿಚಾರಿಸಿದ. ಬೆಲೆ ತಿಳಿಯುವ ಮೊದಲು ಜೀವನದ ಉದ್ದೇಶವನ್ನು ತಿಳಿಸಬೇಕಾದ ವ್ಯಾಪಾರ ಇದೊಂದೇ ಇರಬೇಕು.

ನನ್ನ ಗುರಿಯಲ್ಲಿ ಗುಟ್ಟೇನೂ ಇಲ್ಲ. ಭಾನುವಾರ ಖಾಲಿ ಬಿದ್ದಿರುವ ದೊಡ್ಡದೊಂದು ಪಾರ್ಕಿಂಗ್ ಮೈದಾನದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ಹರಡಿ, ಅವುಗಳ ನಡುವೆ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಕಾರು ಓಡಿಸುವ ಆಟೋಕ್ರಾಸ್ ಎಂಬ ಆಟದಲ್ಲಿ, ಒಂದು ನಿಮಿಷದೊಳಗೆ ಮುಗಿದುಹೋಗುವ ಆ ಓಟದಲ್ಲಿ, ನನ್ನ ಕಾರಿನ ಹಿಂಭಾಗವು ಮುಂಭಾಗವನ್ನು ಹಿಂಬಾಲಿಸಿದರೆ ಸಾಕು. ಒಂದು ಕೋನ್ ಉರುಳಿಸಿದರೆ ಎರಡು ಸೆಕೆಂಡಿನ ದಂಡ. ಓಡಿಸದೆ ಇರುವ ಹೊತ್ತಿನಲ್ಲಿ ಬಿಸಿಲಿಗೆ ನಿಂತು ಇತರರು ಉರುಳಿಸಿದ ಕೋನ್‌ಗಳನ್ನು ಎತ್ತಿಡುವ ಕೆಲಸವೂ ಸ್ಪರ್ಧಿಗಳದ್ದೇ. ಇಷ್ಟರಲ್ಲಿ ಎಲ್ಲಿಂದ ತರಲಿ ಮಹಾಗುರಿಯನ್ನು?

ಕಾರು ಷೆವರ್ಲೆ ಕಂಪನಿಯ 1967ರ ಕ್ಯಾಮರೊ. ಮಸಲ್ ಕಾರು ಎಂದೊಡನೆ ಅಡಿಯಿಂದ ಮುಡಿಯವರೆಗೆ ಕಟ್ಟುಮಸ್ತಾಗಿರಬೇಕು ಎಂದು ಜನ ಭಾವಿಸುತ್ತಾರೆ. ಸ್ನಾಯುವೆಲ್ಲ ಮುಂದಿನ ಬಾನೆಟ್ಟಿನ ಕೆಳಗಿದೆ. ಹಿಂದೆ ಬಗ್ಗಿ ನೋಡಿದರೆ ಎರಡು ಗಾಲಿಗಳನ್ನು ಜೋಡಿಸಿದ ಒಂದು ಗಟ್ಟಿ ಆಕ್ಸಲ್, ಅದನ್ನು ಹೊತ್ತ ಬದಿಗೊಂದರಂತೆ ಬಾಗಿದ ಉಕ್ಕಿನ ಪಟ್ಟಿಯ ಲೀಫ್ ಸ್ಪ್ರಿಂಗ್, ಅದೂ ಆ ವರ್ಷದ ಕಾರುಗಳಲ್ಲಿ ಒಂಟಿ ಪಟ್ಟಿಯದು. ಕೂಡುಕುಟುಂಬದ ಹಿರಿಸೊಸೆಯಂತೆ ಎಲ್ಲ ಕೆಲಸವೂ ಆ ಪಟ್ಟಿಯ ತಲೆಯ ಮೇಲೆಯೇ ಬಿದ್ದಿದೆ: ಕಾರಿನ ಭಾರ ಹೊರಬೇಕು, ಆಕ್ಸಲ್ಲು ಹಿಂದೆ ಮುಂದೆ ಸರಿಯದಂತೆ ಹಿಡಿಯಬೇಕು, ತಿರುವಿನಲ್ಲಿ ಅಡ್ಡಕ್ಕೆ ಜಾರದಂತೆ ತಡೆಯಬೇಕು, ಆಕ್ಸಲರೇಟರನ್ನೋ ಬ್ರೇಕನ್ನೋ ಬಲವಾಗಿ ತುಳಿದಾಗ ಬರುವ ತಿರುಚುವ ಬಲವನ್ನೂ ತಾಳಬೇಕು. ಈ ಕೊನೆಯದು ಅದಕ್ಕೆ ಸಹಿಸದು. ಪಟ್ಟಿ ಹಾವಿನಂತೆ ಸೊಟ್ಟಗಾಗಿ ಮತ್ತೆ ನೆಟ್ಟಗಾಗುವ ಅವಸರದಲ್ಲಿ ಹಿಂಗಾಲಿಗಳು ದಡದಡನೆ ಕುಪ್ಪಳಿಸುತ್ತವೆ. ತಯಾರಕರೇ ಮರುವರ್ಷ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದನ್ನು ಆಕ್ಸಲ್ಲಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಜೋಡಿಸಿ, ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಟ್ಟರು. ನನ್ನದು ಆ ಜ್ಞಾನೋದಯಕ್ಕೆ ಮುಂಚಿನದು.

ಹಾಗಾದರೆ ಲೀಫ್ ಸ್ಪ್ರಿಂಗನ್ನೇ ಕಿತ್ತೆಸೆದು ಬೇರೆ ಏನಾದರೂ ಹಾಕಬಹುದಲ್ಲ ಎಂದರೆ, ಹಾಕಬಹುದು, ಮತ್ತು ಸಂಕಟ ಅಲ್ಲಿಂದಲೇ ಶುರು. ಆಕ್ಸಲ್ಲನ್ನು ನಾಲ್ಕು ದಂಡಗಳಿಂದ ಕಾರಿಗೆ ಜೋಡಿಸುವ ಫೋರ್ ಲಿಂಕ್ ಇದೆ. ಮೇಲಿನ ದಂಡಗಳನ್ನು ಓರೆಯಾಗಿ ಕೂರಿಸುವ ಬಗೆಯಲ್ಲಿ, ಅವುಗಳ ಕೀಲುಗಳಲ್ಲಿರುವ ಬುಷ್‌ಗಳು ಗಟ್ಟಿಯಾದಷ್ಟೂ ಕಾರು ಪಕ್ಕಕ್ಕೆ ವಾಲುವಾಗ ದಂಡಗಳು ಒಂದನ್ನೊಂದು ಬಿಗಿಹಿಡಿದು, ಹಿಂಗಾಲಿಗಳು ಮುನ್ಸೂಚನೆಯಿಲ್ಲದೆ ಜಾರುತ್ತವೆ. ಗೇರ್‌ಬಾಕ್ಸಿನವರೆಗೆ ಉದ್ದನೆಯ ತೋಳು ಚಾಚುವ ಟಾರ್ಕ್ ಆರ್ಮ್ ಇದೆ. 1982ರಿಂದ 2002ರವರೆಗಿನ ಕ್ಯಾಮರೊಗಳಿಗೆ ಕಾರ್ಖಾನೆಯಲ್ಲಿಯೇ ಅದನ್ನು ಕೊಡುತ್ತಿದ್ದರು. ಆದರೆ ಹಳೆಯ ಕಾರಿನಲ್ಲಿ ಆ ತೋಳಿಗೂ ಸೈಲೆನ್ಸರಿನ ಕೊಳವೆಗೂ ಒಂದೇ ಜಾಗಕ್ಕಾಗಿ ಜಗಳ. ಕೋನ್‌ಗಳ ನಡುವೆ ಓಡಿಸುವ ಪಂಡಿತರಲ್ಲಿ ಬಹುಮಂದಿ ತಲೆದೂಗುವುದು ಮೂರು ದಂಡಗಳ ತ್ರೀ ಲಿಂಕಿಗೆ. ಅದಕ್ಕೆ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿಡಲು ಪ್ಯಾನ್‌ಹಾರ್ಡ್ ಬಾರ್ ಅಥವಾ ವಾಟ್ಸ್ ಲಿಂಕ್ ಬೇರೆ ಬೇಕು. ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಹೊತ್ತು ನಾನು ರಾಯರ ಬಳಿಗೆ ಹೋಗಿದ್ದೆ.

ರಾಯರು ಡೆಟ್ರಾಯಿಟ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಷಾಸಿ ವಿಭಾಗದಲ್ಲೇ ಆಯುಷ್ಯ ಸವೆಸಿ ನಿವೃತ್ತರಾದವರು, ಶಿವಮೊಗ್ಗ ಕಡೆಯವರು, ನಮ್ಮ ಕನ್ನಡ ಕೂಟದ ಹಿರಿಯರು. ಅವರಿಗೆ ಗೊತ್ತಿಲ್ಲದ ಸಸ್ಪೆನ್ಷನ್ ಇಲ್ಲ. ಆದರೆ ಒಂದು ಚಟವುಂಟು. ಯಾವುದನ್ನೂ ಅವರು ಬಾಯಲ್ಲಿ ಹೇಳಿ ಮುಗಿಸುವವರಲ್ಲ; ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿ ತೋರಿಸಬೇಕು. ಗಣೇಶನ ಹಬ್ಬದ ಊಟಕ್ಕೆ ಶಾಲೆಯೊಂದರ ಸಭಾಂಗಣದಲ್ಲಿ ಸಾಲಾಗಿ ಕುಳಿತಿದ್ದೆವು. "ರಾಯರೇ, ಪ್ಯಾನ್‌ಹಾರ್ಡೋ ವಾಟ್ಸೋ?" ಎಂದು ನಾನು ಕೇಳಿದ್ದೇ ತಡ, "ಮೊದಲು ನಿಮ್ಮ ಗುರಿ ಏನು ಹೇಳಿ" ಎಂದರು, ನಾನು ಹೇಳುವ ಮೊದಲೇ ಹುಳಿಯಿಂದ ನುಗ್ಗೆಕಾಯಿಯ ತುಂಡೊಂದನ್ನು ಎತ್ತಿ ಎಲೆಯ ನಡುವೆ ಅಡ್ಡಡ್ಡ ಇಟ್ಟರು. ಅದು ಆಕ್ಸಲ್. ಎರಡು ತುದಿಗೆ ಎರಡು ಅಂಬೊಡೆ ಕುಳಿತವು, ಅವು ಗಾಲಿಗಳು. ಇನ್ನೊಂದು ನುಗ್ಗೆಕಾಯಿಯ ಒಂದು ತುದಿಯನ್ನು ಆಕ್ಸಲ್ಲಿಗೆ ಆನಿಸಿ, ಮತ್ತೊಂದು ತುದಿಯನ್ನು ಅನ್ನದ ರಾಶಿಗೆ ಚುಚ್ಚಿದರು. ಅನ್ನ ಎಂದರೆ ಕಾರಿನ ಮೈ.

"ಇದು ಪ್ಯಾನ್‌ಹಾರ್ಡ್. ಆಕ್ಸಲ್ ಮೇಲೆ ಕೆಳಗೆ ಆಡಿದಾಗ ಈ ದಂಡದ ತುದಿ ಕಮಾನಿನಂತೆ ಸುತ್ತುತ್ತದೆ, ಆದ್ದರಿಂದ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿಯಲೇಬೇಕು" ಎಂದು ಅವರು ವಿವರಿಸುತ್ತಿರುವಾಗಲೇ ಬಡಿಸುವ ಹುಡುಗ ಬಂದು, "ಸಾರು ಹಾಕಲಾ ಅಂಕಲ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಸೌಟು ಸುರಿದ. ಅನ್ನದ ಒಂದು ಪಾರ್ಶ್ವ ಕುಸಿಯಿತು, ಆಕ್ಸಲ್ ತೇಲುತ್ತ ಎಡಕ್ಕೆ ಸರಿಯಿತು. ರಾಯರ ಮುಖ ಅರಳಿತು. "ನೋಡಿ, ನೋಡಿ, ಇದನ್ನೇ ನಾನು ಹೇಳಿದ್ದು!" ಎಂದರು. ಪಕ್ಕದಲ್ಲಿದ್ದ ಮೊಮ್ಮಗ ಬಲಗಾಲಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡ. ರಾಯರು ಅದನ್ನೂ ಬಿಡಲಿಲ್ಲ. ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರನ್ನು ಹಿಂದೆ ಅತಿ ಬಿಗಿಯಾಗಿ ಹಾಕಿದರೆ ತಿರುವಿನಲ್ಲಿ ಒಳಗಿನ ಗಾಲಿ ಹೀಗೆಯೇ ನೆಲ ಬಿಡುತ್ತದೆ ಎಂದರು. ಮುಂದೆ ವಾಟ್ಸ್ ಲಿಂಕಿಗಾಗಿ ಎರಡು ದಂಡ ಬೇಕಾದವು. ನನ್ನ ಎಲೆಯಿಂದ ಎರವಲು ಪಡೆದರು. ನಡುವೆ ತಿರುಗುವ ತುಂಡಿಗೆ ಚಿತ್ರಾನ್ನದ ಹಸಿಮೆಣಸಿನಕಾಯಿ ಬಂತು. ಜೇಮ್ಸ್ ವಾಟ್ 1784ರಲ್ಲಿ ಉಗಿಯಂತ್ರಕ್ಕಾಗಿ ಹೂಡಿದ ಈ ಉಪಾಯದಿಂದ ನಡುಬಿಂದು ಹೆಚ್ಚುಕಡಿಮೆ ನೇರವಾಗಿ ಮೇಲೆ ಕೆಳಗೆ ಚಲಿಸುತ್ತದೆ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆ ಮೆಣಸಿನಕಾಯಿಯಿಂದಲೇ. ಅಷ್ಟರಲ್ಲಿ ನಮ್ಮ ಸಾಲಿನವರೆಲ್ಲ ಮಜ್ಜಿಗೆ ಮುಗಿಸಿ ಎದ್ದಿದ್ದರು. ಯಾವುದನ್ನು ಹಾಕಿಸಲಿ ಎಂದು ಮತ್ತೆ ಕೇಳಿದೆ. "ಅದೇ ಹೇಳಿದೆನಲ್ಲ, ಗುರಿಯನ್ನು ಅವಲಂಬಿಸಿದೆ" ಎಂದು ಹೇಳಿ ರಾಯರು ಪ್ಯಾನ್‌ಹಾರ್ಡ್ ಬಾರನ್ನು ಅಗಿಯತೊಡಗಿದರು.

ಮನೆಯಲ್ಲಿ ಈ ಗೊಂದಲ ಬೇಗ ಬಗೆಹರಿಯಿತು. ತ್ರೀ ಲಿಂಕಿನ ಮೇಲಿನ ದಂಡಕ್ಕೆ ಜಾಗ ಮಾಡಲು ನೆಲದ ತಗಡನ್ನು ಕತ್ತರಿಸಬೇಕು, ಹಿಂದಿನ ಸೀಟಿಗೂ ಕತ್ತರಿ ಬೀಳಬಹುದು ಎಂಬ ಮಾತು ಹೆಂಡತಿಯ ಕಿವಿಗೆ ಬಿತ್ತು. "ಹಿಂದಿನ ಸೀಟು ಹೋದರೆ ಅಮ್ಮ ಬಂದಾಗ ಎಲ್ಲಿ ಕೂರಬೇಕು ರೀ, ಆ ಮೂರನೆಯ ದಂಡದ ಮೇಲೆಯೇ?" ಎಂದಳು. ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರಿನ ಎತ್ತರದ ಬಗ್ಗೆ ನನಗಿದ್ದ ಸಿದ್ಧಾಂತಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಅಷ್ಟಕ್ಕೂ ಲೀಫ್ ಸ್ಪ್ರಿಂಗನ್ನು ಇಷ್ಟು ಹೀನಾಯವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ರೇಸ್ ಚಾಲಕ ಮಾರ್ಕ್ ಡಾನಹ್ಯೂ ಪೆನ್ಸ್ಕಿ ತಂಡದ ಕ್ಯಾಮರೊ ಓಡಿಸಿ 1968ರ ಟ್ರಾನ್ಸ್-ಆಮ್ ಕಾರ್ ರೇಸ್ ಸರಣಿಯ 13 ಸ್ಪರ್ಧೆಗಳಲ್ಲಿ 10 ಗೆದ್ದದ್ದು ಲೀಫ್ ಸ್ಪ್ರಿಂಗಿನ ಮೇಲೆಯೇ. ನಮ್ಮ ಅಪ್ಪನ ಅಂಬಾಸಡರಿನ ಹಿಂದೆಯೂ ಇದ್ದದ್ದು ಅದೇ. ಮದುವೆಯ ಕಾಲದಲ್ಲಿ ನೆಂಟರೂ ಪಾತ್ರೆಗಳೂ ತುಂಬಿ ಅದರ ಹಿಂಭಾಗ ಕುಸಿದಾಗ ಅಪ್ಪ ಅರಸೀಕೆರೆಯ ಗ್ಯಾರೇಜಿಗೆ ಒಯ್ಯುತ್ತಿದ್ದರು. ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ, "ಇನ್ನೊಂದು ಪಟ್ಟಿ ಸೇರಿಸೋಣ ಸಾಮಿ" ಎನ್ನುತ್ತಿದ್ದ. ಸಂಜೆಗೆ ಕಾರು ತಲೆಯೆತ್ತಿ ಮನೆಗೆ ಬರುತ್ತಿತ್ತು. ಅಪ್ಪನ ಗುರಿಯನ್ನು ಅಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ ಎಂದು ಈಗ ಕುತೂಹಲವಾಗುತ್ತದೆ; ಕೇಳೋಣವೆಂದರೆ ಅವರೂ ಇಲ್ಲ, ಆ ಕಾರೂ ಇಲ್ಲ.

ಕೊನೆಗೆ ನಾನು ಆರಿಸಿದ್ದು ಹಲವು ಪಟ್ಟಿಗಳ ಲೀಫ್ ಸ್ಪ್ರಿಂಗು, ಒಳ್ಳೆಯ ಶಾಕ್ ಅಬ್ಸಾರ್ಬರು, ಪಟ್ಟಿಯ ಮುಂದಿನ ತುದಿಯ ಸುರುಳಿಗೆ ತಿರುವಿನಲ್ಲಿ ಬಿಗಿಯದಂತಹ ಬುಷ್. ಉಳಿದ ಹಣವೆಲ್ಲ ಟೈರಿಗೆ. ನಮ್ಮ ಕ್ಲಾಸಿಕ್ ಅಮೆರಿಕನ್ ಮಸಲ್ ವರ್ಗದ ನಿಯಮದ ಪ್ರಕಾರ, ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದನ್ನು ತೋರಿಸುವ ಟ್ರೆಡ್‌ವೇರ್ ಅಂಕ 200ಕ್ಕಿಂತ ಕಡಿಮೆ ಇರುವಂತಿಲ್ಲ. ಆ ಮಿತಿಯೊಳಗಿನ ಉತ್ತಮ ಟೈರು ನನ್ನಂತಹ ಸಾಧಾರಣ ಚಾಲಕನಿಗೆ ಮೂರು ದಂಡಗಳಿಗಿಂತ ಹೆಚ್ಚು ಸೆಕೆಂಡುಗಳನ್ನು ಉಳಿಸಿಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಅಂಗಡಿಗೆ ಫೋನ್ ಮಾಡಿ, ಗುರಿಯ ಪ್ರಶ್ನೆಗೆ ಆಸ್ಪದ ಕೊಡದೆ, ಒಂದೇ ಉಸಿರಿನಲ್ಲಿ ಸಾಮಾನಿನ ಪಟ್ಟಿ ಓದಿ ಹೇಳಿದೆ. ಹುಡುಗ ಬಹಳ ವಿನಯದಿಂದ, ಸ್ಪ್ರಿಂಗು ದಾಸ್ತಾನಿನಲ್ಲಿಲ್ಲ, ನವೆಂಬರ್ ಹೊತ್ತಿಗೆ ಬರಬಹುದು ಎಂದ. ನವೆಂಬರ್ ಎಂದರೆ ಮಿಶಿಗನ್ನಿನ ರಸ್ತೆಗಳಿಗೆ ಉಪ್ಪು ಬೀಳತೊಡಗುವ, ಹಳೆಯ ಕಾರುಗಳೆಲ್ಲ ತುಕ್ಕಿಗೆ ಹೆದರಿ ಗ್ಯಾರೇಜ್ ಸೇರುವ ಕಾಲ. ಆದ್ದರಿಂದ ಈ ವರ್ಷ ಉಳಿದಿರುವ ಭಾನುವಾರಗಳಲ್ಲಿ ಆ ಒಂಟಿ ಪಟ್ಟಿಗಳ ಮೇಲೆಯೇ ಕುಪ್ಪಳಿಸುವುದು ಅನಿವಾರ್ಯ. ಕೋನ್ ಎತ್ತಲು ನಿಲ್ಲುವವರು ದಯವಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲಬೇಕು.