ಸಹಿ ಹಾಕುವುದೂ ಕೆಲಸವೇ

ಟೆರ್ರಿ ಪ್ರಾಚೆಟ್ ಪುಸ್ತಕಗಳಲ್ಲಿ ಅವರ ಸಹಿ ಇಲ್ಲದ ಪ್ರತಿ ಸಿಗುವುದೇ ಅಪರೂಪ ಅಂತ ಅವರ ಓದುಗರ ನಡುವೆ ಹಳೇ ಜೋಕ್ ಒಂದಿದೆ. ಅಷ್ಟು ಸಹಿ ಹಾಕಿದ ಮನುಷ್ಯ. ಹೊಸ ಕಾದಂಬರಿ ಬಂತು ಅಂದರೆ ಊರೂರು ಸುತ್ತುವುದು, ಪುಸ್ತಕದಂಗಡಿಯಲ್ಲಿ ಗಂಟೆಗಟ್ಟಲೆ ಕೂರುವುದು. ಕಪ್ಪು ಟೋಪಿ, ಬಿಳಿ ಗಡ್ಡ, ಎದುರಿಗೆ ಉದ್ದ ಸಾಲು.

ಓದಿಲ್ಲದವರಿಗೆ ಎರಡು ಮಾತು. ಪ್ರಾಚೆಟ್ (1948–2015) ಇಂಗ್ಲೆಂಡಿನ ಫ್ಯಾಂಟಸಿ ಕಾದಂಬರಿಕಾರ. ಬಾಹ್ಯಾಕಾಶದಲ್ಲಿ ಈಜುವ ಒಂದು ಭಾರೀ ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ಅದೇ ಡಿಸ್ಕ್‌ವರ್ಲ್ಡ್. ಕೂರ್ಮ, ದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಇದು ತೀರಾ ಹೊಸದೇನಲ್ಲ, ಅಲ್ವಾ? 1983ರಿಂದ ಶುರುವಾಗಿ ಒಟ್ಟು 41 ಕಾದಂಬರಿಗಳು ಈ ಲೋಕದಲ್ಲಿ ನಡೆಯುತ್ತವೆ. ತಮಾಷೆಯ ಪುಸ್ತಕ ಅಂತ ಕೈಗೆತ್ತಿಕೊಂಡರೆ ಒಳಗೆ ಪೊಲೀಸು, ಪತ್ರಿಕೆ, ಬ್ಯಾಂಕು, ಧರ್ಮ, ಯುದ್ಧ ಎಲ್ಲವೂ ಇರುತ್ತವೆ.

ಅವರ ಕಾದಂಬರಿಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಆ ಸಾಲಿನ ಬಗ್ಗೆ ಮಾತಾಡಬೇಕು. ಓದುಗರ ಪ್ರೀತಿ ಅನ್ನುವುದು ಒಬ್ಬ ಲೇಖಕನ ಕೈಗೆ ಸಿಕ್ಕಾಗ ಅವನು ಅದನ್ನು ಏನು ಮಾಡುತ್ತಾನೆ ಅನ್ನುವುದು ನನಗೆ ಬಹಳ ದಿನದಿಂದ ಕಾಡುತ್ತಿರುವ ವಿಷಯ. ನಮ್ಮಲ್ಲಿ ಪುಸ್ತಕ ಬಿಡುಗಡೆ ಅಂದರೆ ವೇದಿಕೆ, ಶಾಲು, ಹಾರ, ಮೂರು ಭಾಷಣ, ಕೊನೆಗೆ ಅಧ್ಯಕ್ಷರ ನುಡಿ. ಲೇಖಕರ ಹತ್ತಿರ ಎರಡು ಮಾತಾಡೋಣ ಅಂತ ದೂರದಿಂದ ಬಂದವರು ಕಾಫಿ ಕುಡಿದು ಬಸ್ ಹಿಡಿಯುತ್ತಾರೆ. ಪ್ರಾಚೆಟ್ ಓದುಗರ ಎದುರು ಕೂರುವುದನ್ನು ತಮ್ಮ ಕೆಲಸದ ಒಂದು ಭಾಗ ಅಂತಲೇ ನೋಡಿದರು. ಅವರು ಒಳ್ಳೆಯ ಮನುಷ್ಯ, ಅದಕ್ಕೇ ಹಾಗೆ ಅಂತ ಹೇಳಿ ಮುಗಿಸಬಹುದು. ನನಗೆ ಅಷ್ಟು ಸಾಲದು.

ಒಂದು ಕಾರಣ ಅವರೂ ಮೊದಲು ಅಭಿಮಾನಿಯಾಗಿದ್ದವರು. ಹದಿಹರೆಯದಲ್ಲೇ ಸೈನ್ಸ್ ಫಿಕ್ಷನ್ ಸಮ್ಮೇಳನಗಳಿಗೆ ಓಡಾಡುತ್ತಿದ್ದ ಹುಡುಗ. 1967ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರಿಗೆ ಒಂದು ಮೆಚ್ಚುಗೆಯ ಪತ್ರ ಬರೆದರು. ಟೋಲ್ಕಿನ್ ಆಗಲೇ ಜಗತ್ತಿಗೆಲ್ಲ ಗೊತ್ತಿದ್ದ ಹೆಸರು, ಪತ್ರಗಳು ರಾಶಿ ರಾಶಿ ಬರುತ್ತಿದ್ದ ಕಾಲ. ಆದರೂ ಉತ್ತರ ಬಂತು. ಮುಂದೆ ತಾನೇ ಲೇಖಕನಾದ ಮೇಲೆ ಪ್ರಾಚೆಟ್ ತಮಗೆ ಬಂದ ಪತ್ರಗಳಿಗೆ ಉತ್ತರ ಬರೆಯುತ್ತಲೇ ಹೋದರು. (ನಮ್ಮ ಶಿವರಾಮ ಕಾರಂತರೂ ಹಾಗೆಯೇ, ಯಾರೇ ಬರೆದರೂ ಉತ್ತರಿಸುತ್ತಿದ್ದರು ಅಂತ ಹಿರಿಯರು ಹೇಳುವುದುಂಟು. ಆ ಪದ್ಧತಿ ಎಲ್ಲಿ ಹೋಯಿತೋ ಗೊತ್ತಿಲ್ಲ.)

ಇನ್ನೊಂದು ಕಾರಣ ಪತ್ರಿಕೆ. 1965ರಲ್ಲಿ ಶಾಲೆ ಬಿಟ್ಟು ‘ಬಕ್ಸ್ ಫ್ರೀ ಪ್ರೆಸ್’ ಅನ್ನುವ ಸ್ಥಳೀಯ ಪತ್ರಿಕೆಗೆ ಸೇರಿದರು. ಕೆಲಸಕ್ಕೆ ಸೇರಿ ಮೂರು ಗಂಟೆಯೊಳಗೆ ಮೊದಲ ಹೆಣ ನೋಡಿದೆ ಅಂತ ಹೇಳಿಕೊಳ್ಳುತ್ತಿದ್ದರು. ಅದೇ ಪತ್ರಿಕೆಯಲ್ಲಿ ‘ಅಂಕಲ್ ಜಿಮ್’ ಅನ್ನುವ ಹೆಸರಲ್ಲಿ ಮಕ್ಕಳಿಗೆ ಕಥೆಗಳನ್ನೂ ಬರೆದರು. ಒಮ್ಮೆ ಒಂದು ಸಣ್ಣ ಪ್ರಕಾಶನದವರ ಸಂದರ್ಶನಕ್ಕೆ ಹೋದಾಗ ‘ನಾನೂ ಒಂದು ಕಾದಂಬರಿ ಬರೆದಿದ್ದೇನೆ’ ಅಂತ ಬಾಯಿಬಿಟ್ಟರು. ಅದು 1971ರಲ್ಲಿ ಪುಸ್ತಕವಾಯಿತು. ಆ ಪ್ರಕಾಶಕ ಕಾಲಿನ್ ಸ್ಮೈತ್ ಮುಂದೆ ಪ್ರಾಚೆಟ್ ಅವರ ಏಜೆಂಟ್ ಆಗಿ ಕೊನೆಯವರೆಗೂ ಜೊತೆಗಿದ್ದರು. ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾಗುವ ಕಾಲ ಬಂದಾಗಲೂ ಏಜೆಂಟ್ ಬದಲಾಗಲಿಲ್ಲ.

ವರದಿಗಾರನಿಗೆ ಎದುರಿಗೆ ಕೂತ ಯಾರೇ ಆಗಲಿ ಸುದ್ದಿಯ ಮೂಲ. ಸಹಿ ಹಾಕುವ ಮೇಜಿನಲ್ಲೂ ಪ್ರಾಚೆಟ್ ಹಾಗೇ ಕೂರುತ್ತಿದ್ದರು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಇಂಗ್ಲೆಂಡಿನಲ್ಲಿ ಮ್ಯಾಗ್‌ಪೈ ಅನ್ನುವ ಹಕ್ಕಿ ಎಷ್ಟು ಕಂಡವು ಅಂತ ಎಣಿಸಿ ಶಕುನ ಹೇಳುವ ಪದ್ಯಗಳಿವೆ. ಒಂದು ಕಂಡರೆ ದುಃಖ, ಎರಡು ಕಂಡರೆ ಸಂತೋಷ, ಹೀಗೆ. ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದ್ದನ್ನು ಲೆಕ್ಕ ಹಾಕುವ ಹಾಗೆ. ಒಂದು ಕಾದಂಬರಿಗೆ ಈ ಪದ್ಯಗಳು ಬೇಕಾಗಿದ್ದವು. ಪ್ರಾಚೆಟ್ ಸಹಿಗೆ ಬಂದವರನ್ನೆಲ್ಲ ಕೇಳುತ್ತಾ ಹೋದರು: ನಿಮಗೆ ಯಾವ ಪದ್ಯ ಗೊತ್ತು? ಎಲ್ಲರೂ ಹೆಚ್ಚುಕಮ್ಮಿ ಒಂದೇ ಪದ್ಯ ಹೇಳಿದರು, ಹಳೇ ಟಿವಿ ಕಾರ್ಯಕ್ರಮವೊಂದರಿಂದ ಕಲಿತದ್ದು. ಕೊನೆಗೆ ಒಬ್ಬ ಹೆಂಗಸು ಬಂದು, ನನಗೆ ಸುಮಾರು ಹತ್ತೊಂಬತ್ತು ಗೊತ್ತು ಅಂದರು. ಆಕೆ ಜಾಕ್ವೆಲಿನ್ ಸಿಂಪ್ಸನ್, ಇಂಗ್ಲೆಂಡಿನ ದೊಡ್ಡ ಜಾನಪದ ವಿದ್ವಾಂಸೆ. ಆ ಸಾಲಿನಲ್ಲಿ ಶುರುವಾದ ಮಾತು ಮುಂದುವರಿದು, 2008ರಲ್ಲಿ ಇಬ್ಬರೂ ಸೇರಿ ಡಿಸ್ಕ್‌ವರ್ಲ್ಡ್‌ನ ಜಾನಪದದ ಬಗ್ಗೆ ಇಡೀ ಒಂದು ಪುಸ್ತಕ ತಂದರು.

ಈ ಪ್ರಸಂಗ ನನಗೆ ಯಾಕೆ ಇಷ್ಟ ಅಂದರೆ, ಅಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರು ಅಂತ ಹೇಳುವುದು ಕಷ್ಟ. ಸಾಲಿನಲ್ಲಿ ನಿಂತವರು ಮೇಜಿನ ಆ ಕಡೆ ಕೂತವರಿಗಿಂತ ಜಾಸ್ತಿ ತಿಳಿದವರಾಗಿರಬಹುದು ಅನ್ನುವ ಅನುಮಾನ ಲೇಖಕರಿಗೆ ಇದ್ದರೆ ಮಾತ್ರ ಇಂಥದ್ದು ನಡೆಯುತ್ತದೆ.

ಅಭಿಮಾನಿಗಳು ಸ್ನೇಹಿತರಾದದ್ದು ಇದೊಂದೇ ಅಲ್ಲ. ಸ್ಟೀಫನ್ ಬ್ರಿಗ್ಸ್ ಆಬಿಂಗ್ಡನ್ ಊರಿನ ಹವ್ಯಾಸಿ ನಾಟಕ ತಂಡದವರು. ನಿಮ್ಮ ಕಾದಂಬರಿಯನ್ನು ನಾಟಕ ಮಾಡಲಾ ಅಂತ ಕೇಳಿದರು, ಪ್ರಾಚೆಟ್ ಹೂಂ ಅಂದರು. ಅದೇ ಬ್ರಿಗ್ಸ್ ಮುಂದೆ ಆಂಖ್-ಮೋರ್‌ಪೋರ್ಕ್ ಅನ್ನುವ ಆ ಕಾಲ್ಪನಿಕ ನಗರದ ಬೀದಿ ಬೀದಿಯ ನಕ್ಷೆ ತಯಾರಿಸಿದರು. ಬರ್ನಾರ್ಡ್ ಪಿಯರ್‌ಸನ್ ಅನ್ನುವ ಶಿಲ್ಪಿ ಡಿಸ್ಕ್‌ವರ್ಲ್ಡ್‌ನ ಕಟ್ಟಡಗಳನ್ನು ಪುಟ್ಟದಾಗಿ ಮಾಡಿ ಮಾರುತ್ತಿದ್ದರು, ಆಮೇಲೆ ಆ ಲೋಕದ ಅಂಚೆಚೀಟಿಗಳನ್ನೂ ಅಚ್ಚು ಹಾಕಿಸಿದರು. ಅವರ ಅಂಗಡಿ ಇದ್ದ ವಿಂಕ್ಯಾಂಟನ್ ಅನ್ನುವ ಸಣ್ಣ ಊರು 2002ರಲ್ಲಿ ಆಂಖ್-ಮೋರ್‌ಪೋರ್ಕ್ ಜೊತೆ ‘ಅವಳಿ ನಗರ’ದ ಸಂಬಂಧ ಘೋಷಿಸಿಕೊಂಡಿತು. ಇಲ್ಲದ ಊರಿನ ಜೊತೆ! ಆಮೇಲೆ ಅಲ್ಲಿನ ಹೊಸ ಬಡಾವಣೆಯ ಬೀದಿಗಳಿಗೆ ಕಾದಂಬರಿಯಿಂದಲೇ ಹೆಸರಿಟ್ಟರು.

ಟೂರ್ ಅಂದರೆ ಬರೀ ಸಂಭ್ರಮ ಅಂತ ತಿಳಿಯಬೇಡಿ. ನೀಲ್ ಗೇಮನ್ ಮತ್ತು ಪ್ರಾಚೆಟ್ 1985ರಲ್ಲಿ ಲಂಡನ್ನಿನ ಚೈನೀಸ್ ಹೋಟೆಲೊಂದರಲ್ಲಿ ಭೇಟಿಯಾದರು. ಮುಂದೆ ತಾವೂ ಹೆಸರಾಂತ ಲೇಖಕರಾದ ಗೇಮನ್ ಆಗ ಸಂದರ್ಶನ ಮಾಡಲು ಬಂದ ಯುವ ಪತ್ರಕರ್ತ. ಆಮೇಲೆ ಫೋನಿನಲ್ಲಿ ಕೂಗಾಡುತ್ತಾ, ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾ ಇಬ್ಬರೂ ಸೇರಿ ಒಂದು ಕಾದಂಬರಿ ಬರೆದರು. ಅದು ಬಂದದ್ದು 1990ರಲ್ಲಿ. ಮರುವರ್ಷದ ಅಮೆರಿಕ ಪ್ರವಾಸದ ಒಂದು ದಿನದ ಬಗ್ಗೆ ಗೇಮನ್ ಬರೆದಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಅಂಗಡಿಯಲ್ಲಿ ಸಹಿ ಹಾಕಲು ಇದ್ದದ್ದು ಒಂದು ಡಜನ್ನಿನಷ್ಟು ಪ್ರತಿ. ಅಲ್ಲಿಂದ ರೇಡಿಯೋ ಸ್ಟೇಷನ್‌ಗೆ ಹೋಗಬೇಕು, ನೇರ ಪ್ರಸಾರ. ಇಲ್ಲೇ ಹತ್ತಿರ, ನಡೆದೇ ಹೋಗೋಣ ಅಂದವರು ಪ್ರಾಚೆಟ್. ಹತ್ತಿರ ಇರಲಿಲ್ಲ. ತಲುಪುವ ಹೊತ್ತಿಗೆ ಕಾರ್ಯಕ್ರಮದ ಹೆಚ್ಚಿನ ಸಮಯ ಕಳೆದುಹೋಗಿತ್ತು. ಪ್ರಾಚೆಟ್ ಕೊತಕೊತ ಕುದಿಯುತ್ತಿದ್ದರು. ಸಮಾಧಾನ ಮಾಡಲು ಹೋದ ಗೇಮನ್‌ಗೆ ಸಿಕ್ಕ ಉತ್ತರ ಏನೆಂದರೆ, ಈ ಸಿಟ್ಟನ್ನು ಹಗುರವಾಗಿ ನೋಡಬೇಡ, ನಮ್ಮ ಪುಸ್ತಕವನ್ನು ನಡೆಸಿದ ಇಂಜಿನ್ನೇ ಇದು ಅಂತ. ಅದೇ ಪುಸ್ತಕದ ಪ್ರಚಾರದಲ್ಲಿ ನ್ಯೂಯಾರ್ಕಿನ ರೇಡಿಯೋ ನಿರೂಪಕರೊಬ್ಬರಿಗೆ ಇದು ಕಾದಂಬರಿ ಅನ್ನುವುದೇ ಗೊತ್ತಿರಲಿಲ್ಲವಂತೆ. ಗಾಜಿನ ಆ ಕಡೆ ಇದ್ದ ತಂತ್ರಜ್ಞರು ನಗು ತಡೆಯಲಾರದೆ ಒದ್ದಾಡುತ್ತಿದ್ದರಂತೆ.

ಈಗ ಆ ಸ್ನೇಹದ ಬಗ್ಗೆ ಸಲೀಸಾಗಿ ಬರೆಯಲು ಆಗುವುದಿಲ್ಲ. 2024ರಿಂದ ಹಲವು ಮಹಿಳೆಯರು ಗೇಮನ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದಾರೆ. ಅವರು ಅದನ್ನು ಅಲ್ಲಗಳೆದಿದ್ದಾರೆ. ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಆ ಸುದ್ದಿ ಓದಿದ ಮೇಲೆ ಸಹಿಯ ಸಾಲಿನ ಫೋಟೋಗಳನ್ನು ನಾನು ಮೊದಲಿನ ಹಾಗೆ ನೋಡುತ್ತಿಲ್ಲ. ಮೇಜಿನ ಒಂದು ಕಡೆ ಕೂತವರಿಗೆ ಎಷ್ಟು ಅಧಿಕಾರ ಇದೆ, ಇನ್ನೊಂದು ಕಡೆ ನಿಂತ ಇಪ್ಪತ್ತರ ಹುಡುಗ ಹುಡುಗಿಯರು ಎಷ್ಟು ನಂಬಿಕೆ ಹೊತ್ತು ಬಂದಿರುತ್ತಾರೆ ಅನ್ನುವುದು ಈಗ ಮೊದಲು ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಅಭಿಮಾನಿಗಳೇ ದೇವರು ಅಂತ ಹೇಳಿ ರೂಢಿ ನಮಗೆ. ಆ ದೇವರು ಕೂಡ ಎಷ್ಟು ಅಸಹಾಯಕ ಸ್ಥಿತಿಯಲ್ಲಿ ನಿಂತಿರಬಹುದು ಅಂತ ಯೋಚಿಸುವವರು ಕಡಿಮೆ.

ಪ್ರಶಸ್ತಿಗಳ ವಿಷಯವೂ ಒಂದು ಮಾತು. 2005ರಲ್ಲಿ ಪ್ರಾಚೆಟ್ ಹೆಸರು, ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೆ ವಿಶ್ವ ಸಮ್ಮೇಳನದಲ್ಲಿ ಕೊಡುವ ಹ್ಯೂಗೋ ಪ್ರಶಸ್ತಿಯ ಪಟ್ಟಿಗೆ ಬಂತು. ಬೇಡ, ತೆಗೆಯಿರಿ ಅಂದರು. ಗೆಲ್ಲುತ್ತೇನೋ ಇಲ್ಲವೋ ಅನ್ನುವ ಟೆನ್ಶನ್‌ನಲ್ಲಿ ಸಮ್ಮೇಳನದ ಮಜಾ ಹಾಳಾಗುತ್ತದೆ ಅನ್ನುವುದು ಅವರು ಕೊಟ್ಟ ಕಾರಣ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಹೊರಬೀಳುವ ವಾರ ನಮ್ಮಲ್ಲಿ ನಡೆಯುವ ಓಡಾಟ ನೆನೆಸಿಕೊಂಡು ಸುಮ್ನೆ ನಕ್ಕೆ.

ಬರೆಯುವವರಿಗೆ ಅವರು ಹೇಳುತ್ತಿದ್ದ ಮಾತುಗಳಲ್ಲಿ ಮಂತ್ರ ತಂತ್ರ ಏನೂ ಇಲ್ಲ. 1980ರಿಂದ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದರು. ಅಣುವಿದ್ಯುತ್ ಸ್ಥಾವರಗಳ ಬಗ್ಗೆ ಗಾಬರಿಯಾದ ಪತ್ರಕರ್ತರಿಗೆ ಉತ್ತರ ಕೊಡುವ ಕೆಲಸ. ಮನೆಗೆ ಬಂದ ಮೇಲೆ ದಿನಕ್ಕೆ 400 ಪದ ಬರೆಯುವುದು. ಒಮ್ಮೆ ಕಾದಂಬರಿಯೊಂದು ಮುಗಿಯಿತು, ಆದರೆ ಆ ದಿನದ ಲೆಕ್ಕ ಇನ್ನೂ ಬಾಕಿ ಇತ್ತು. ಮುಂದಿನ ಕಾದಂಬರಿ ಶುರು ಮಾಡಿದರು. ಕೆಲಸ ಬಿಟ್ಟು ಪೂರ್ತಿ ಲೇಖಕರಾದದ್ದು 1987ರಲ್ಲಿ, ಅಷ್ಟು ಹೊತ್ತಿಗೆ ಡಿಸ್ಕ್‌ವರ್ಲ್ಡ್ ಓದುಗರನ್ನು ಹಿಡಿದಿತ್ತು. ಸ್ಫೂರ್ತಿ ಬರಲಿ, ಮನಸ್ಸು ಹದವಾಗಲಿ, ಮಲೆನಾಡಲ್ಲಿ ಒಂದು ಹೋಂಸ್ಟೇ ಸಿಗಲಿ ಅಂತ ಕಾಯುತ್ತಿರುವ ನನ್ನ ಸ್ನೇಹಿತರಿಗೆ ಈ ಕಥೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ.

ಫ್ಯಾಂಟಸಿ ಬರೆಯಬೇಕಾ, ಹಾಗಾದರೆ ಬರೀ ಫ್ಯಾಂಟಸಿ ಓದುತ್ತಾ ಕೂರಬೇಡಿ ಅನ್ನುವುದು ಅವರ ಇನ್ನೊಂದು ಮಾತು. ಇತಿಹಾಸ ಓದಿ, ಜಾನಪದ ಓದಿ. ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಬಡವರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ ಅವರ ಬರಹಗಳನ್ನು ಓದಿ ಅಂತ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. ಒಂದು ನಗರ ಕಟ್ಟುತ್ತೀರಿ ಅಂದರೆ ಮೊದಲು ಕೇಳಿಕೊಳ್ಳಬೇಕಾದದ್ದು ಕುಡಿಯುವ ನೀರು ಒಳಗೆ ಹೇಗೆ ಬರುತ್ತದೆ, ಕೊಳಚೆ ಹೊರಗೆ ಹೇಗೆ ಹೋಗುತ್ತದೆ ಅಂತ. ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರು ಪಂಪ್ ಮಾಡಿಸಿಕೊಂಡು, ಮಳೆ ಬಂದರೆ ಮನೆಯೊಳಗೆ ಚರಂಡಿ ನೀರು ಬಿಟ್ಟುಕೊಳ್ಳುವ ಬೆಂಗಳೂರಿನವರಿಗೆ ಈ ಸಲಹೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಬಂದು ಹೋಗುವ ಹೊಸ ಫ್ಯಾಂಟಸಿಗಳಲ್ಲಿ ಅರಮನೆ, ಕತ್ತಿ, ಶಾಪ ಎಲ್ಲ ಇರುತ್ತದೆ. ಅಷ್ಟು ಜನಕ್ಕೆ ಅಕ್ಕಿ ಬೆಳೆಯುವವರು ಯಾರು ಅಂತ ಮಾತ್ರ ಗೊತ್ತಾಗುವುದಿಲ್ಲ.

2007ರ ಡಿಸೆಂಬರಿನಲ್ಲಿ ತಮಗೆ ಆಲ್ಝೈಮರ್ ಕಾಯಿಲೆಯ ಅಪರೂಪದ ಒಂದು ಬಗೆ ಬಂದಿದೆ ಅಂತ ಪ್ರಾಚೆಟ್ ತಾವೇ ಎಲ್ಲರಿಗೂ ತಿಳಿಸಿದರು. ಆಗ ಅವರಿಗೆ 59. ಮರುವರ್ಷ ಆ ಕಾಯಿಲೆಯ ಸಂಶೋಧನೆಗೆ ಹತ್ತು ಲಕ್ಷ ಡಾಲರ್ ಕೊಟ್ಟರು. ಅಭಿಮಾನಿಗಳು ಅವರು ಕೊಟ್ಟಷ್ಟನ್ನೇ ನಾವೂ ಸೇರಿಸುತ್ತೇವೆ ಅಂತ ಹಣ ಕೂಡಿಸಲು ಹೊರಟರು. ಟೈಪ್ ಮಾಡುವುದು ಕಷ್ಟವಾದಾಗ ಸಹಾಯಕ ರಾಬ್ ವಿಲ್ಕಿನ್ಸ್‌ಗೆ, ಕಂಪ್ಯೂಟರಿಗೆ ಹೇಳಿ ಬರೆಸಿದರು. ಸಾವಿನ ಹಕ್ಕಿನ ಬಗ್ಗೆ 2010ರಲ್ಲಿ ಬಿಬಿಸಿಯಲ್ಲಿ ಕೊಟ್ಟ ಉಪನ್ಯಾಸವನ್ನು ಓದಲು ನಟ ಟೋನಿ ರಾಬಿನ್ಸನ್ ಅವರನ್ನು ಕೇಳಿಕೊಂಡರು, ತಾವು ಪಕ್ಕದಲ್ಲಿ ಕೂತರು. 2014ರ ಡಿಸ್ಕ್‌ವರ್ಲ್ಡ್ ಸಮ್ಮೇಳನಕ್ಕೆ ಮಾತ್ರ ಬರಲಾಗುವುದಿಲ್ಲ ಅಂದರು. 2015ರ ಮಾರ್ಚ್ 12ರಂದು ತೀರಿಕೊಂಡರು.

ಅವರ ಆಸೆಯಂತೆ 2017ರ ಆಗಸ್ಟ್‌ನಲ್ಲಿ, ಡಾರ್ಸೆಟ್‌ನ ಹಬೆಯಂತ್ರಗಳ ಜಾತ್ರೆಯಲ್ಲಿ, ಮುಗಿಯದ ಕಾದಂಬರಿಗಳಿದ್ದ ಹಾರ್ಡ್ ಡಿಸ್ಕ್ ಮೇಲೆ ಹಳೇ ಸ್ಟೀಮ್ ರೋಲರ್ ಹತ್ತಿಸಿದರು. ಅದರಲ್ಲಿ ಹತ್ತು ಕಾದಂಬರಿಗಳವರೆಗೂ ಇದ್ದಿರಬಹುದು ಅಂತ ಹೇಳಲಾಯಿತು. ಬದುಕೆಲ್ಲ ಓದುಗರಿಗೆ ಸಮಯ ಕೊಟ್ಟವರು ಇದನ್ನು ಮಾತ್ರ ಕೊಡಲಿಲ್ಲ. ಕೆಲವರು ಬೇಸರಪಟ್ಟರು. ನನಗೆ ಅದು ಸರಿ ಅನಿಸುತ್ತದೆ. ಸಹಿ, ಪತ್ರ, ಹರಟೆ ಎಲ್ಲ ಕೇಳುವ ಹಕ್ಕು ಇರಲಿ. ಅರ್ಧ ಬೆಂದದ್ದನ್ನು ಬಡಿಸು ಅಂತ ಕೇಳುವ ಹಕ್ಕು ಯಾವ ಅಭಿಮಾನಿಗೂ ಇಲ್ಲ.

ಓದಿ ನೋಡಬೇಕು ಅನಿಸಿದರೆ ಮೊದಲ ಎರಡು ಪುಸ್ತಕಗಳಿಂದ ಶುರು ಮಾಡಬೇಡಿ, ಅವು ಅವರು ಇನ್ನೂ ಕೈ ಪಳಗಿಸಿಕೊಳ್ಳುತ್ತಿದ್ದ ಕಾಲದವು. 1989ರ ‘ಗಾರ್ಡ್ಸ್! ಗಾರ್ಡ್ಸ್!’ ಹಿಡಿಯಿರಿ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ಹುಡುಕಿ. ಸಹಿ ಇರುವ ಪ್ರತಿ ಸಿಕ್ಕರೆ ನನಗೆ ಹೇಳಿ. ಇಲ್ಲದ್ದು ಸಿಕ್ಕರೆ ಇಟ್ಟುಕೊಳ್ಳಿ, ಜೋಕಿನ ಪ್ರಕಾರ ಅದಕ್ಕೇ ಬೆಲೆ ಜಾಸ್ತಿ.