ಒಂದೇ ವಾಸನೆಯ ಮೂಗು

ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ರೇಷ್ಮೆ ಪತಂಗಗಳು ಗೂಡು ಸೀಳಿ ಹೊರಬರುವುದು ಬೆಳಗಿನ ಹೊತ್ತು. ರೆಕ್ಕೆಯಿದ್ದೂ ಹಾರಲಾರದ, ಪತಂಗವಾದ ಮೇಲೆ ಏನನ್ನೂ ತಿನ್ನದ ಈ ಬಿಳಿಯ ಜೀವಿಗಳ ಆಯುಸ್ಸು ಕೆಲವೇ ದಿನಗಳದ್ದು. ಹೆಣ್ಣು ತಟ್ಟೆಯಲ್ಲಿ ಕುಳಿತಲ್ಲಿಯೇ ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚುತ್ತದೆ. ಅಷ್ಟಕ್ಕೇ ಗಂಡು ರೆಕ್ಕೆಗಳನ್ನು ಪಟಪಟಿಸಿ, ಎದುರಿನ ಗಾಳಿಯನ್ನು ತನ್ನ ಕುಡಿಮೀಸೆಗಳ ಕಡೆಗೆ ಎಳೆದುಕೊಳ್ಳುತ್ತ, ಅಂಕುಡೊಂಕಾಗಿ ನಡೆಯತೊಡಗುತ್ತದೆ. ಪಕ್ಕದಲ್ಲೇ ನಿಂತ ನಮ್ಮ ಮೂಗಿಗೆ ಮಾತ್ರ ಆ ಪರಿಮಳದ ಸುಳಿವೂ ಸಿಗುವುದಿಲ್ಲ.

ಆ ಪರಿಮಳ ಯಾವುದೆಂದು ಕಂಡುಕೊಳ್ಳಲು ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬ್ಯುಟೆನಾಂಟ್ ಮತ್ತು ಸಂಗಡಿಗರಿಗೆ ಸುಮಾರು 20 ವರ್ಷ ಹಿಡಿಯಿತು. ಐದು ಲಕ್ಷದಷ್ಟು ಹೆಣ್ಣು ಪತಂಗಗಳ ಗ್ರಂಥಿಗಳಿಂದ ಅವರಿಗೆ ದಕ್ಕಿದ್ದು ಕೆಲವೇ ಮಿಲಿಗ್ರಾಂ ವಸ್ತು. 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂಬ ಹೆಸರಾಯಿತು. ನನಗೆ ಇದಕ್ಕಿಂತಲೂ ಸೋಜಿಗವೆನಿಸುವುದು, ಆ ಪರಿಮಳವನ್ನು ಸೂಸುವ ಹೆಣ್ಣಿಗೇ ಅದು ತಿಳಿಯುವುದಿಲ್ಲ ಎಂಬುದು. ಅದನ್ನು ಹಿಡಿಯುವ ಗ್ರಾಹಕಗಳಿರುವುದು ಗಂಡಿನ ಕುಡಿಮೀಸೆಯಲ್ಲಿ.

ವ್ಯತ್ಯಾಸ ಮೀಸೆಯಲ್ಲಿಯೇ ಮುಗಿಯುವುದಿಲ್ಲ. ಕುಡಿಮೀಸೆಯ ನರಗಳು ಮಿದುಳಿನ ಮುಂಭಾಗದಲ್ಲಿ ಗ್ಲಾಮೆರುಲಸ್ ಎಂಬ ಪುಟ್ಟ ಪುಟ್ಟ ಉಂಡೆಗಳಲ್ಲಿ ಬಂದು ಸೇರುತ್ತವೆ. ಒಂದೊಂದು ಬಗೆಯ ವಾಸನೆಗೂ ಅಲ್ಲಿ ಅದರದರ ಉಂಡೆಗಳುಂಟು. ರೇಷ್ಮೆ ಪತಂಗದಲ್ಲಿ ಅವು ಸುಮಾರು 60. ಗಂಡಿನಲ್ಲಿ, ನರಗಳು ಒಳಹೊಗುವ ಬಾಗಿಲ ಬಳಿಯೇ ಕೆಲವು ಉಂಡೆಗಳು ಊದಿಕೊಂಡು, ಚಿಕ್ಕ ಕೋಣೆಗಳ ಸಾಲಿನಲ್ಲಿ ಹಜಾರ ಕಟ್ಟಿಸಿದಂತೆ ಕಾಣುತ್ತವೆ. ಹೆಣ್ಣಿನ ಪರಿಮಳದ ಸುದ್ದಿ ಬಂದಿಳಿಯುವುದು ಆ ಹಜಾರಕ್ಕೆ.

ಹಾಗೆಂದು ಹೆಣ್ಣಿನ ಮೂಗನ್ನು ಮೊಂಡೆಂದು ತಿಳಿಯಬಾರದು. ಅಮೆರಿಕದಲ್ಲಿ ತಂಬಾಕಿನ ಗಿಡಕ್ಕೆ ಮುತ್ತುವ ಮ್ಯಾಂಡ್ಯೂಕಾ ಪತಂಗದಲ್ಲಿ ಹೆಣ್ಣಿಗೂ ಅದರದೇ ಆದ ಎರಡು ದೊಡ್ಡ ಉಂಡೆಗಳಿವೆ. ಅವುಗಳಲ್ಲೊಂದು ಗಿಡಗಳು ಸೂಸುವ ಲಿನಲೂಲ್ ಎಂಬ ವಸ್ತುವಿಗೆ ಮಿಡಿಯುತ್ತದೆ. ನಮ್ಮ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿದಾಗ ಮೂಗಿಗೆ ಬಡಿಯುವ ಕಂಪಿನಲ್ಲಿ ಮುಖ್ಯ ಪಾಲು ಇದರದೇ. ಮೊಟ್ಟೆಯಿಡಲು ತಕ್ಕ ಎಲೆಯನ್ನು ಹುಡುಕಬೇಕಾದ ತಾಯಿಗೆ ಗಿಡದ ವಾಸನೆ ಬಲ್ಲ ಮೂಗು ಬೇಕಾಗುವುದು ಸಹಜ.

ಈ ಪತಂಗದ ಮೇಲೆಯೇ 1980ರ ದಶಕದಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಗಂಡು ಹುಳುವಿನಲ್ಲಿ ಮುಂದೆ ಕುಡಿಮೀಸೆಯಾಗಬೇಕಿದ್ದ ಅಂಗಾಂಶವನ್ನು ತೆಗೆದು ಹೆಣ್ಣು ಹುಳುವಿಗೆ ಕಸಿಮಾಡಿದರು. ಪತಂಗವಾದಾಗ ಆ ಹೆಣ್ಣಿನ ಮಿದುಳಿನಲ್ಲಿ ಗಂಡಿನ ಹಜಾರ ಎದ್ದು ನಿಂತಿತ್ತು. ಅದು ಬೇರೆ ಹೆಣ್ಣಿನ ಪರಿಮಳದ ಜಾಡು ಹಿಡಿದು ಗಂಡಿನಂತೆಯೇ ಹಾರಿತು. ಅಂದರೆ ಮಿದುಳಿನಲ್ಲಿ ಕೋಣೆ ಎಷ್ಟು ದೊಡ್ಡದಿರಬೇಕೆಂಬುದನ್ನು ಬರುವ ಅತಿಥಿಯೇ ನಿರ್ಧರಿಸಿದಂತಾಯಿತು.

ಹಗಲಿನ ಚಿಟ್ಟೆಗಳ ಸಂಗತಿ ಬೇರೆ. ಬಿಸಿಲಿನಲ್ಲಿ ಹೆಣ್ಣಿನ ಬಣ್ಣವನ್ನು ಕಣ್ಣಿನಿಂದಲೇ ಹುಡುಕಿಕೊಳ್ಳುವ ಗಂಡಿಗೆ ದೊಡ್ಡ ಹಜಾರದ ಅಗತ್ಯ ಸಾಮಾನ್ಯವಾಗಿ ಬಿದ್ದಿಲ್ಲ. ಹುಲಿಚಿಟ್ಟೆಯ ಬಳಗದಲ್ಲಂತೂ ಪರಿಮಳ ಪೂಸಿಕೊಂಡು ಹೆಣ್ಣನ್ನು ಒಲಿಸಲು ಹೊರಡುವವನು ಗಂಡೇ.

ಕೋಠಿಯಲ್ಲಿ ಕೆಲವು ಗಂಟೆಗಳ ಬಳಿಕ ಜೋಡಿಗಳನ್ನು ಬಿಡಿಸುತ್ತಾರೆ. ಮೊಟ್ಟೆಯಿಟ್ಟ ಹೆಣ್ಣನ್ನು ಅರೆದು, ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಡನ್ನು ತಂಪಿನಲ್ಲಿರಿಸಿ, ಬೇಕಾದಾಗ ಮತ್ತೆ ಹೊರತೆಗೆಯುತ್ತಾರೆ. ಚಳಿಗೆ ಮರಗಟ್ಟಿದ ಅದು ಸ್ವಲ್ಪ ಹೊತ್ತು ಅಲುಗಾಡದೆ ಬಿದ್ದಿರುತ್ತದೆ. ಆಮೇಲೆ ಪಕ್ಕದ ತಟ್ಟೆಯ ಗಾಳಿ ಸೋಕಿತೋ, ಮೊದಲು ಮೀಸೆ ಅಲುಗುತ್ತದೆ, ಹಿಂದೆಯೇ ರೆಕ್ಕೆ.